ಅಚ್ಚಿನ ಎಣ್ಣೆ

ಚರಿತ್ರೆಯನ್ನು ಕಲಿಸುವುದೇ ಕಸುಬಾಗಿದ್ದ ನನ್ನಂಥವನು ಬಾನುಲಿಯ ಮುಂದೆ ಕುಳಿತರೆ ಕದಂಬರನ್ನೋ ಕೆಳದಿಯ ನಾಯಕರನ್ನೋ ಕುರಿತು ಮಾತನಾಡಿಯಾನೆಂದು ಕೇಳುಗರು ನಿರೀಕ್ಷಿಸುವುದು ಸಹಜ. ಈ ಹೊತ್ತು ನಾನು ಹೇಳಹೊರಟಿರುವುದಾದರೋ ಒಂದೂಕಾಲು ಲೀಟರು ಎಣ್ಣೆಯ ವಿಚಾರ. ಜೀಪಿನ ಹಿಂದಿನ ಅಚ್ಚಿಗೆ ಅಂಟಿಕೊಂಡಿರುವ ಕಬ್ಬಿಣದ ಬುರುಡೆಯೊಂದರಲ್ಲಿ, ಯಾರ ಕಣ್ಣಿಗೂ ಬೀಳದೆ, ವರ್ಷಗಟ್ಟಲೆ ಕತ್ತಲಲ್ಲೇ ಸುತ್ತುತ್ತಿರುವ ಎಣ್ಣೆ ಅದು. ಕಳೆದ ಬೇಸಿಗೆಯಲ್ಲಿ ಅದನ್ನು ಶಿವಮೊಗ್ಗದ ನನ್ನ ಮನೆಯಂಗಳದಲ್ಲಿಯೇ ಬದಲಾಯಿಸಿದೆವು. ಬದಲಾಯಿಸಿದವನು ನನ್ನ ತಮ್ಮ. ನಾನು ಬೋಗುಣಿ ಹಿಡಿದವನು. ಆದರೂ ಅರ್ಧ ದಿನದ ಆ ಕೆಲಸ ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿತು. ಅಲ್ಲಿ ಕಂಡದ್ದನ್ನೂ ಅಂಗಳದಲ್ಲಿ ಕಂಡದ್ದನ್ನೂ ಬೇರ್ಪಡಿಸದೆ ಹೇಳುತ್ತಿದ್ದೇನೆ.

ಆ ಬುರುಡೆಯೊಳಗಿರುವ ಯಂತ್ರಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ಅದು ಬಿಡಿಸುವ ತೊಡಕು ಯಾವುದೆಂಬುದನ್ನು ಮೊದಲು ತಿಳಿಯಬೇಕು. ಗಾಡಿಯೊಂದು ತಿರುವಿನಲ್ಲಿ ಹೊರಳುವಾಗ ಒಳಬದಿಯ ಚಕ್ರ ಕಡಿಮೆ ದೂರ ಹೋಗುತ್ತದೆ, ಹೊರಬದಿಯದು ಹೆಚ್ಚು. ಎಷ್ಟು ಹೆಚ್ಚು? ಜೀಪಿನ ಎರಡು ಚಕ್ರಗಳ ನಡುವಣ ಅಂತರ ಸುಮಾರು ಒಂದೂಕಾಲು ಮೀಟರು. ಒಂದು ಪೂರ್ಣ ಸುತ್ತು ಹಾಕಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು ಏಳೂಮುಕ್ಕಾಲು ಮೀಟರು ಹೆಚ್ಚು ಉರುಳಿರುತ್ತದೆ. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಗಣಿತ ಬಲ್ಲವರು ಕಾಗದದ ಮೇಲೆ ಇದನ್ನು ಕ್ಷಣದಲ್ಲಿ ಸಾಧಿಸಿಯಾರು. ನಮ್ಮ ಘಟ್ಟದ ಒಂದೊಂದು ಹಿಮ್ಮುರಿ ತಿರುವೆಂದರೆ ಅರ್ಧ ಸುತ್ತು. ಅಂದರೆ ಪ್ರತಿಯೊಂದು ತಿರುವಿನಲ್ಲಿಯೂ ಹೊರಚಕ್ರ ತನ್ನ ಜೋಡಿಗಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಸುತ್ತು ಹೆಚ್ಚಾಗಿ ತಿರುಗಲೇಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದು ಬೆಸೆದಿದ್ದರೆ ಟೈರು ನೆಲವನ್ನು ಕೆರೆಯಬೇಕು, ಇಲ್ಲವೇ ಸರಳೇ ಮುರಿಯಬೇಕು.

ನಮ್ಮ ಎತ್ತಿನ ಗಾಡಿಗೆ ಈ ತೊಡಕು ಇರಲಿಲ್ಲ. ಅಲ್ಲಿ ಅಚ್ಚು ಸ್ಥಿರ. ಅದರ ಎರಡು ತುದಿಗಳಲ್ಲಿ ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ, ಕಳಚದಂತೆ ತಡೆಯಲು ಕಡಾಣಿಯೊಂದಿರುತ್ತದೆ. ಎತ್ತು ಎಳೆಯುವುದು ಗಾಡಿಯನ್ನು, ಚಕ್ರವನ್ನಲ್ಲ. ಆದ್ದರಿಂದ ಯಾವ ಚಕ್ರ ಎಷ್ಟು ಉರುಳಿತೆಂದು ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿ ಮಾಡಿದ ಕೀಲೆಣ್ಣೆಯನ್ನು ಬಿದಿರ ಕೊಳವೆಯಲ್ಲಿ ತುಂಬಿ ಗಾಡಿಗೆ ನೇತುಹಾಕಿದರೆ ಮುಗಿಯಿತು. ರೈಲುಗಾಡಿಯವರದು ಇನ್ನೊಂದು ಉಪಾಯ. ಅಲ್ಲಿ ಎರಡು ಚಕ್ರಗಳೂ ಅಚ್ಚಿಗೆ ಬೆಸೆದಿರುವುವು ನಿಜ. ಆದರೆ ಚಕ್ರದ ಅಂಚು ಓರೆಯಾಗಿ ಇಳಿಜಾರಾಗಿದ್ದು, ತಿರುವಿನಲ್ಲಿ ಗಾಡಿ ಹೊರಕ್ಕೆ ಸರಿದಾಗ ಹೊರಚಕ್ರ ತನ್ನ ದಪ್ಪ ಭಾಗದ ಮೇಲೂ ಒಳಚಕ್ರ ತೆಳು ಭಾಗದ ಮೇಲೂ ಓಡುತ್ತವೆ. ಹಳಿಯಿಲ್ಲದ ಹಾದಿಯಲ್ಲಿ, ಎಂಜಿನು ತಾನೇ ಚಕ್ರವನ್ನು ಹಿಡಿದು ತಿರುಗಿಸಹೊರಟಾಗ, ಈ ಎರಡು ಉಪಾಯಗಳೂ ಕೈಕೊಟ್ಟವು.

ಇದಕ್ಕೆ ಮೊದಲ ಉತ್ತರ ಕೊಟ್ಟವನು ಗಡಿಯಾರದ ಕೆಲಸ ಕಲಿತಿದ್ದ ಒಬ್ಬ ಫ್ರೆಂಚ್ ಕುಶಲಿ, ಒನೆಸಿಫೋರ್ ಪೆಕ್ಯೂರ್. ಪ್ಯಾರಿಸಿನ ಕಲೆ-ಕಸುಬುಗಳ ರಾಷ್ಟ್ರೀಯ ಸಂಸ್ಥೆಯ ಕಾರ್ಯಾಗಾರಗಳ ಮುಖ್ಯಸ್ಥನಾಗಿದ್ದ ಈತ 1820ರ ದಶಕದ ಕೊನೆಯಲ್ಲಿ ಉಗಿಬಂಡಿಯೊಂದಕ್ಕೆ ಹಕ್ಕುಪತ್ರ ಪಡೆದ. ಆ ಬಂಡಿಯ ಅಚ್ಚಿನಲ್ಲಿ ಇಂದಿನ ಡಿಫರೆನ್ಷಿಯಲ್ ಇತ್ತು. ಅದು ಹೊಳೆದದ್ದು ಗಡಿಯಾರದವನಿಗೆ ಎಂಬುದು ಆಕಸ್ಮಿಕವಲ್ಲ. 1720ರಲ್ಲೇ ಇಂಗ್ಲೆಂಡಿನ ಜೋಸೆಫ್ ವಿಲಿಯಮ್‌ಸನ್ ಎಂಬಾತ ಸೂರ್ಯನ ಕಾಲಕ್ಕೂ ಗಡಿಯಾರದ ಕಾಲಕ್ಕೂ ಇರುವ ಅಂತರವನ್ನು ತೋರಿಸಲು ಇಂಥದೇ ಹಲ್ಲುಚಕ್ರಗಳ ಜೋಡಣೆಯನ್ನು ಬಳಸಿದ್ದ. ಎರಡು ಬೇರೆ ವೇಗಗಳನ್ನು ಒಂದೇ ಯಂತ್ರದಲ್ಲಿ ಕೂಡಿಸಿ ಕಳೆಯುವ ವಿದ್ಯೆ ಗಡಿಯಾರದವರಿಗೆ ಮೊದಲೇ ಗೊತ್ತಿತ್ತು. ಬಂಡಿಗೆ ಅದು ಬೇಕಾಗುವ ಕಾಲ ಬರಬೇಕಿತ್ತಷ್ಟೆ.

ಇದಕ್ಕೂ ಹಿಂದಿನ ಮೂಲವನ್ನು ಹುಡುಕಿದವರಿದ್ದಾರೆ. ಕ್ರಿಸ್ತಶಕ ಮೂರನೆಯ ಶತಮಾನದ ಚೀನಾದಲ್ಲಿ ಮಾ ಜುನ್ ಎಂಬ ಯಂತ್ರಜ್ಞ, ಎತ್ತ ತಿರುಗಿದರೂ ದಕ್ಷಿಣಕ್ಕೇ ಕೈಚಾಚಿರುವ ಬೊಂಬೆಯಿದ್ದ ರಥವೊಂದನ್ನು ಮಾಡಿದನೆಂದು ಅಲ್ಲಿನ ಗ್ರಂಥಗಳು ಹೇಳುತ್ತವೆ. ಇಂಗ್ಲೆಂಡಿನ ಹೆಸರಾಂತ ಕಾರುತಯಾರಕ ಜಾರ್ಜ್ ಲ್ಯಾಂಚೆಸ್ಟರ್ 1947ರಲ್ಲಿ ಉಪನ್ಯಾಸವೊಂದನ್ನು ಮಾಡಿ, ಆ ರಥದೊಳಗೆ ಡಿಫರೆನ್ಷಿಯಲ್ ಇದ್ದಿರಬೇಕೆಂದು ವಾದಿಸಿದ. ಕಾರು ಕಟ್ಟಿದವನ ಕಣ್ಣಿಗೆ ಪ್ರಾಚೀನ ರಥದಲ್ಲಿಯೂ ಕಾರಿನ ಅಚ್ಚೇ ಕಂಡಿತು! ಗ್ರೀಸಿನ ಕಡಲತಳದಲ್ಲಿ ಸಿಕ್ಕ ಆಂಟಿಕಿಥೆರಾ ಯಂತ್ರದಲ್ಲಿ ಅದಿದೆಯೆಂದು ಡೆರೆಕ್ ಪ್ರೈಸ್ ಎಂಬ ವಿದ್ವಾಂಸ 1974ರಲ್ಲಿ ಬರೆದ. ಮುಂದಿನ ಕ್ಷಕಿರಣ ಸಂಶೋಧನೆಗಳು ಆತ ತೋರಿಸಿದ ಜಾಗದಲ್ಲಿ ಬೇರೊಂದು ಜೋಡಣೆಯನ್ನು ಕಂಡವು. ನಮ್ಮಲ್ಲಿಯೂ ಪುಷ್ಪಕ ವಿಮಾನಕ್ಕೆ ಎಂಜಿನು ಹುಡುಕುವವರಿದ್ದಾರಲ್ಲ, ಈ ಹಂಬಲ ಯಾವ ದೇಶದ ಸ್ವತ್ತೂ ಅಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು.

ನನಗೆ ಬಹಳ ಹಿಡಿಸಿದ ಕಥೆ ಮಾತ್ರ ಜೇಮ್ಸ್ ಸ್ಟಾರ್ಲಿಯದು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಹೊಲಿಗೆಯಂತ್ರ ಮಾಡುತ್ತಿದ್ದು, ಬಳಿಕ ಸೈಕಲ್ಲಿನ ಕಸುಬಿಗೆ ತಿರುಗಿದವನು ಆತ. ಇಬ್ಬರು ಅಕ್ಕಪಕ್ಕ ಕುಳಿತು ತುಳಿಯುವ ಗಾಡಿಯೊಂದನ್ನು ಮಾಡಿ, ಮಗ ವಿಲಿಯಮ್ಮನನ್ನು ಕೂಡಿಸಿಕೊಂಡು ಹೊರಟನಂತೆ. ಒಂದು ಬದಿಯ ಚಕ್ರ ತಂದೆಯದು, ಇನ್ನೊಂದು ಮಗನದು. ಹರೆಯದ ಮಗನ ಕಾಲಿನ ಬಲ ಹೆಚ್ಚಾಗಿ, ಗಾಡಿ ಪಕ್ಕಕ್ಕೆ ಹೊರಳಿ, ತಂದೆಯನ್ನು ಒಯ್ದು ತುರಚೆಯ ಪೊದೆಗೆ ಕೆಡವಿತೆಂದು ಹೇಳಿಕೆ. ಮೈ ತುರಿಸಿಕೊಳ್ಳುತ್ತ ಕುಳಿತ ಮುದುಕನಿಗೆ ಇಬ್ಬರ ಬಲವನ್ನೂ ಒಂದೇ ಕಡೆ ಕೂಡಿಸಿ ಮತ್ತೆ ಸಮನಾಗಿ ಹಂಚುವ ಹಲ್ಲುಚಕ್ರಗಳ ಉಪಾಯ ಹೊಳೆಯಿತು. 1877ರಲ್ಲಿ ಆತ ಅದಕ್ಕೆ ಹಕ್ಕುಪತ್ರ ಪಡೆದ. ತುರಚೆಯ ಭಾಗ ನಿಜವೋ ಅಲಂಕಾರವೋ, ಹಕ್ಕುಪತ್ರವಂತೂ ನಿಜ. ಎಂಟು ವರ್ಷಗಳ ತರುವಾಯ ಜರ್ಮನಿಯಲ್ಲಿ ಕಾರ್ಲ್ ಬೆನ್ಜ್ ಕಟ್ಟಿದ ಮೊದಲ ಮೋಟಾರು ಗಾಡಿಯಲ್ಲಿಯೂ ಡಿಫರೆನ್ಷಿಯಲ್ ಇತ್ತು.

ಚಿತ್ರ ತೋರಿಸಲಾಗದ ಬಾನುಲಿಯಲ್ಲಿ ಅದರ ಕೆಲಸವನ್ನು ವಿವರಿಸುವುದು ಕಷ್ಟ. ನೊಗವನ್ನು ನೆನೆಸಿಕೊಳ್ಳಿ. ಎರಡು ಎತ್ತುಗಳ ಹೆಗಲ ಮೇಲೆ ನೊಗ, ಅದರ ನಡುವೆ ಮೂಕಿಗೆ ಕಟ್ಟಿದ ಹಗ್ಗ. ಒಂದು ಎತ್ತು ಒಂದು ಹೆಜ್ಜೆ ಮುಂದಾಗಿ, ಇನ್ನೊಂದು ಒಂದು ಹೆಜ್ಜೆ ಹಿಂದಾದರೆ ನೊಗ ಓರೆಯಾಗುತ್ತದೆ. ನಡುವಣ ಗಂಟು ಮಾತ್ರ ತಾನಿದ್ದಲ್ಲೇ ಇರುತ್ತದೆ. ಡಿಫರೆನ್ಷಿಯಲ್ಲೂ ಹೀಗೆಯೇ, ಸುತ್ತುವ ನೊಗ. ಎಂಜಿನಿನಿಂದ ಬಂದ ದಂಡದ ತುದಿಯ ಚಿಕ್ಕ ಹಲ್ಲುಚಕ್ರ, ಅದಕ್ಕೆ ಪಿನಿಯನ್ ಎಂದು ಹೆಸರು, ಕ್ರೌನ್ ಎಂಬ ದೊಡ್ಡ ಹಲ್ಲುಬಳೆಯನ್ನು ತಿರುಗಿಸುತ್ತದೆ. ಆ ಬಳೆ ತನ್ನ ಹೊಟ್ಟೆಯಲ್ಲಿ ಪುಟ್ಟ ಹಲ್ಲುಚಕ್ರಗಳನ್ನು ಹೊತ್ತು ಸುತ್ತುತ್ತದೆ. ಅವುಗಳ ಎಡಕ್ಕೂ ಬಲಕ್ಕೂ ಒಂದೊಂದು ಚಕ್ರದ ಸರಳು ಕಚ್ಚಿಕೊಂಡಿರುತ್ತದೆ. ನೇರ ಹಾದಿಯಲ್ಲಿ ಪುಟ್ಟ ಚಕ್ರಗಳಿಗೆ ತಮ್ಮದೇ ಆದ ತಿರುಗಾಟವಿಲ್ಲ. ತಿರುವಿನಲ್ಲಿ ಅವು ಮೆಲ್ಲನೆ ಹೊರಳಿ, ಒಂದು ಬದಿಯಿಂದ ಕಳೆದದ್ದನ್ನು ಇನ್ನೊಂದು ಬದಿಗೆ ಕೂಡುತ್ತವೆ.

ನೊಗದ ದೋಷವೂ ಇದಕ್ಕಿದೆ. ಒಂದು ಎತ್ತು ಕೆಸರಿನಲ್ಲಿ ಕಾಲೂರಲಾಗದೆ ಜಾರಿದರೆ ನೊಗ ಸುಮ್ಮನೆ ಸುತ್ತಿಬರುತ್ತದೆ, ಗಟ್ಟಿ ನೆಲದ ಮೇಲಿರುವ ಎತ್ತಿನ ಬಲವೂ ನಷ್ಟವಾಗುತ್ತದೆ. ಮಳೆಗಾಲದಲ್ಲಿ ಒಂದು ಚಕ್ರ ರಾಡಿಯಲ್ಲಿ ಗಿರಗಿರನೆ ತಿರುಗುತ್ತ, ಒಣನೆಲದ ಮೇಲಿನ ಚಕ್ರ ಮಿಸುಕದೆ ನಿಂತಿರುವ ವಿಚಿತ್ರವನ್ನು ಮಲೆನಾಡಿನವರೆಲ್ಲ ಬಲ್ಲರು. ಇದಕ್ಕೆ ಮದ್ದಾಗಿ ಬಂದದ್ದು ಮುಂದಿನ ಅಚ್ಚಿಗೂ ಎಂಜಿನಿನ ಬಲವನ್ನು ಕೊಡುವ ಪದ್ಧತಿ. ಹಿಂದೆ ಒಂದು ಬುರುಡೆ, ಮುಂದೆ ಒಂದು. ಅದನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಜೀಪು.

1940ರ ಜುಲೈಯಲ್ಲಿ ಅಮೆರಿಕದ ಸೈನ್ಯ ನೂರಮೂವತ್ತೈದು ಕಂಪೆನಿಗಳಿಗೆ ಪತ್ರ ಬರೆದು, ಹಗುರವಾದ ನಾಲ್ಕುಚಕ್ರ ಚಾಲನೆಯ ಗಾಡಿಯ ಮಾದರಿಯನ್ನು ನಲವತ್ತೊಂಬತ್ತು ದಿನಗಳಲ್ಲಿ ಮಾಡಿಕೊಡಬೇಕೆಂದು ಕೇಳಿತು. ಅಳಿವಿನ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನನ್ನು ಕರೆಸಿತು. ಆತ ಎರಡು ದಿನಗಳಲ್ಲಿ ನಕ್ಷೆ ಮುಗಿಸಿದ. ಅಚ್ಚುಗಳನ್ನು ಹೊಸದಾಗಿ ಮಾಡಲು ಸಮಯವೆಲ್ಲಿ? ಸ್ಪೈಸರ್ ಕಂಪೆನಿಯವರು ಸ್ಟುಡ್‌ಬೇಕರ್ ಕಾರೊಂದರ ಅಚ್ಚನ್ನು ತಿದ್ದಿ ಕೊಟ್ಟರು. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆಯಿರುವಾಗ ಗಾಡಿ ಸೇನಾಶಿಬಿರವನ್ನು ಸೇರಿತು. ಲಾಭವನ್ನು ಉಂಡವರು ಬೇರೆಯವರು. ಯುದ್ಧ ಮುಗಿಯುವುದರೊಳಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಹೊರತಂದಿದ್ದವು. ಬರ್ಮಾದ ರಣರಂಗದಿಂದ ಉಳಿದು ಬಂದವು ಇಲ್ಲಿ ಹರಾಜಾಗಿ ತೋಟಗಳ ಕೊಟ್ಟಿಗೆ ಸೇರಿದ್ದುಂಟು. ಹೊಸ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಿದವರು 1945ರಲ್ಲಿ ಇಬ್ಬರು ಸೋದರರೂ ಒಬ್ಬ ಮಿತ್ರರೂ ಕೂಡಿ ಕಟ್ಟಿದ ಸಂಸ್ಥೆಯವರು; ಅದರ ಮೊದಲ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಹಿಸೆಯಾದಾಗ ಮಿತ್ರರಾದ ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಸಚಿವರಾದರು, ಮುಂದೆ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಸಂಸ್ಥೆ ಮಹೀಂದ್ರ ಅಂಡ್ ಮಹೀಂದ್ರ ಆಯಿತು.

ನಮ್ಮ ಅಪ್ಪಯ್ಯ 1964ರಲ್ಲಿ ಕೊಂಡದ್ದು ಆ ಸಂಸ್ಥೆಯ ಜೀಪು. ಕಳಸದ ಸಮೀಪದ ನಮ್ಮ ತೋಟಕ್ಕೂ ಊರಿಗೂ ನಡುವೆ ಮೂರು ಹಳ್ಳಗಳು, ಆಗ ಒಂದಕ್ಕೂ ಸೇತುವೆಯಿಲ್ಲ. ಜೀಪಿಗೆಂದೇ ಅಪ್ಪಯ್ಯ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದರು. ಎಣ್ಣೆ ಬದಲಿಸಿದ ದಿನ, ಮೀಟರಿನ ಅಂಕಿ, ಮಾಡಿದವರು ಯಾರು ಎಂದು ಮೂರು ಕಲಮುಗಳು. 1974ರ ಅಕ್ಟೋಬರಿನಲ್ಲಿ, ನಾನು ಬಿ.ಎ. ಓದುತ್ತಿದ್ದಾಗ, ಅವರು ಚಿಕ್ಕಮಗಳೂರಿಗೆ ಹೋಗಿದ್ದ ಸಮಯ ನೋಡಿ, ಅವರು ಬರುವುದರೊಳಗೆ ಅಚ್ಚಿನ ಎಣ್ಣೆ ಬದಲಿಸಿ ಮೆಚ್ಚಿಗೆ ಪಡೆಯಬೇಕೆಂದು ನಾನು ಜೀಪಿನ ಕೆಳಗೆ ನುಗ್ಗಿದೆ. ಬುರುಡೆಯ ಹಿಂಬದಿಯ ಮುಚ್ಚಳದ ಹತ್ತು ಬೋಲ್ಟುಗಳನ್ನು ಬಿಚ್ಚಿ ಹಳೆಯ ಎಣ್ಣೆಯನ್ನು ಸುರಿಸಿದೆ, ಒರೆಸಿದೆ, ಮತ್ತೆ ಮುಚ್ಚಳ ಬಿಗಿದೆ. ಹೊಸ ಎಣ್ಣೆ ಹಾಕಲು ಮುಚ್ಚಳದಲ್ಲಿರುವ ಚಿಕ್ಕ ಬಿರಡೆಯನ್ನು ತಿರುಗಿಸಿದರೆ ಅದು ಜಗ್ಗಲಿಲ್ಲ. ಸ್ಪ್ಯಾನರಿಗೆ ಕಲ್ಲಿನಿಂದ ಹೊಡೆದೆ. ಬಿರಡೆಯ ತಲೆ ಸವೆದು ಗುಂಡಗಾಯಿತು. ಇದ್ದ ಎಣ್ಣೆ ಹೋಗಿತ್ತು, ಹೊಸದು ಒಳಗೆ ಹೋಗಲು ದಾರಿಯಿರಲಿಲ್ಲ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಜೀಪು ನಾಲ್ಕು ದಿನ ಅಂಗಳದಲ್ಲಿ ಕೂತಿತು. ಹನ್ನೆರಡು ವರ್ಷದ ನನ್ನ ತಮ್ಮ ಆ ಮುಚ್ಚಳವನ್ನು ಗೋಣಿತಾಟಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟಿ ಕಳಸಕ್ಕೆ ಹೋಗಿ, ಬಿರಡೆ ಬಿಡಿಸಿ, ಹೊಸದು ಹಾಕಿಸಿಕೊಂಡು ಬಂದ. ಮೂರನೆಯ ದಿನ ಮರಳಿದ ಅಪ್ಪಯ್ಯ ಒಂದು ಮಾತನ್ನೂ ಆಡಲಿಲ್ಲ. ಜೀಪು ಎದ್ದ ರಾತ್ರಿ ಪುಸ್ತಕ ತೆಗೆದು ಏನನ್ನೋ ಬರೆದರು. ಮುಂದಿನ ವರ್ಷದಿಂದ ಜೀಪಿನ ಕೆಳಗೆ ಹೋಗುವಾಗ ಅವರು ಕರೆದದ್ದು ತಮ್ಮನನ್ನು. ನಾನು ಪುಸ್ತಕಗಳ ಕಡೆಗೆ ಹೊರಳಿದೆ, ತಮ್ಮ ತೋಟದಲ್ಲಿ ಉಳಿದ.

2007ರಲ್ಲಿ ಅಪ್ಪಯ್ಯ ತೀರಿಕೊಂಡರು. ಎರಡು ವರ್ಷಗಳ ಮೇಲೆ ಹಿಸೆಯಾಯಿತು. ಜಮೀನಿನ ವಿಷಯದಲ್ಲಿ ತಕರಾರು ಬರಲಿಲ್ಲ. ಕಾಸಿನ ಬೆಲೆಯಿಲ್ಲದ ಜೀಪಿನ ಬಳಿ ಬಂದು ಮಾತು ನಿಂತಿತು. ಹಿರಿಯನ ಹಕ್ಕೆಂದು ನಾನು ಹಟ ಹಿಡಿದೆ. ತಮ್ಮ ಸುಮ್ಮನಾದ. ಆಷಾಢದ ಮಳೆಯಲ್ಲಿ ನಾನು ಜೀಪನ್ನು ಹೊರಡಿಸುವಾಗ ಜಗಲಿಯ ಮೇಲೆ ನಿಂತು ಒಂದೇ ಮಾತು ಹೇಳಿದ: “ಹಳ್ಳ ಏರಿದೆ ಅಣ್ಣಯ್ಯ, ಇಳಿಯುವ ತನಕ ತಡೆದು ಹೋಗು.” ನಾನು ತಡೆಯಲಿಲ್ಲ. ಮೂರು ಹಳ್ಳಗಳನ್ನೂ ದಾಟಿಸಿಕೊಂಡು ಬಂದೆ. ಆಮೇಲೆ ಜೀಪು ಶಿವಮೊಗ್ಗದ ಶೆಡ್ಡಿನಲ್ಲಿ ನಿಂತದ್ದೇ ಹೆಚ್ಚು. ತಿಂಗಳಿಗೊಮ್ಮೆ ಬೀದಿಯ ತುದಿಯವರೆಗೆ ಹೋಗಿಬಂದರೆ ಬಂತು.

ಈಗ ಎಣ್ಣೆಯ ಚರಿತ್ರೆಗೆ ಬರುತ್ತೇನೆ. ಗಾಡಿಯ ಅಚ್ಚಿಗೆ ಹರಳೆಣ್ಣೆ ಸಾಕಾಗಿತ್ತೆಂದೆ. ಅದನ್ನು ಕೀಳೆಂದು ತಿಳಿಯಬಾರದು. ನಮ್ಮ ರೈಲುಗಳ ಯಂತ್ರಭಾಗಗಳಿಗೆ ಹರಳೆಣ್ಣೆಯನ್ನೇ ಬಳಸುತ್ತಿದ್ದರು. ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನುಗಳು ಓಡಿದ್ದೂ ಇದರ ಜಿಡ್ಡಿನಿಂದಲೇ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿಯವರು ತಮ್ಮ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಅದರಲ್ಲಿ ಬೆರೆಸಿದ್ದ ಹರಳೆಣ್ಣೆಯಿಂದಾಗಿ. ಬೇಲಿಯ ಬದಿಯ ಹರಳುಗಿಡ ಹೀಗೆ ಆಕಾಶವನ್ನೂ ಕಂಡಿತು.

ಆದರೆ 1925ರ ಸುಮಾರಿಗೆ ಅಮೆರಿಕದ ಗ್ಲೀಸನ್ ಕಂಪೆನಿಯವರು ಹೈಪಾಯ್ಡ್ ಎಂಬ ಹೊಸ ಬಗೆಯ ಹಲ್ಲುಚಕ್ರವನ್ನು ಕಂಡುಹಿಡಿದರು. ಅದರಲ್ಲಿ ಪಿನಿಯನ್ನು ಕ್ರೌನಿನ ನಡುಮಟ್ಟಕ್ಕೆ ಬಾರದೆ ಕೆಳಗೆ ಕಚ್ಚುತ್ತದೆ. ಇದರಿಂದ ದಂಡ ತಗ್ಗಿ, ಕಾರಿನ ನೆಲ ತಗ್ಗಿ, ಕೂರುವವರಿಗೆ ಸುಖವಾಯಿತು. ಮರುವರ್ಷವೇ ಪ್ಯಾಕಾರ್ಡ್ ಕಾರುಗಳಲ್ಲಿ ಇದು ಬಂತು, ಮುಂದೆ ಜೀಪಿನ ಅಚ್ಚಿಗೂ ಬಂತು. ಸುಖಕ್ಕೆ ತಕ್ಕ ಬೆಲೆಯೂ ಇತ್ತು. ಹಳೆಯ ಹಲ್ಲುಗಳು ಒಂದರ ಮೇಲೊಂದು ಉರುಳುತ್ತಿದ್ದುವು. ಇವು ಉರುಳುವುದರ ಜತೆಗೆ ಗಂಧ ತೇಯ್ದ ಹಾಗೆ ಒಂದನ್ನೊಂದು ಒತ್ತಿ ಜಾರುತ್ತವೆ. ಆ ಒತ್ತಡದಲ್ಲಿ ಮಾಮೂಲು ಎಣ್ಣೆ ಹಿಂಡಿಹೋಗಿ ಉಕ್ಕಿಗೆ ಉಕ್ಕು ತಾಗಿ ಕಿತ್ತುಬರುತ್ತದೆ. ಅದನ್ನು ತಪ್ಪಿಸಲು ಎಣ್ಣೆಗೆ ಗಂಧಕದ ಸಂಯುಕ್ತಗಳನ್ನು ಸೇರಿಸಿದರು. ಹಲ್ಲು ಕಾದ ಜಾಗದಲ್ಲಿ ಗಂಧಕ ಉಕ್ಕಿನೊಡನೆ ಕೂಡಿ ತೆಳ್ಳನೆಯ ಪೊರೆ ಕಟ್ಟುತ್ತದೆ. ಹಲ್ಲಿನ ಬದಲು ಆ ಪೊರೆ ಸವೆಯುತ್ತದೆ, ಮತ್ತೆ ಹುಟ್ಟುತ್ತದೆ. ಗೇರ್ ಎಣ್ಣೆಯ ಡಬ್ಬ ತೆರೆದೊಡನೆ ಮೂಗಿಗೆ ಹೊಡೆಯುವ ಆ ಕಮಟು ಗಂಧಕದ್ದೇ.

ಆ ಗಂಧಕವನ್ನು ಯಾವುದಕ್ಕೆ ಕಟ್ಟಿ ಎಣ್ಣೆಯೊಳಗೆ ಹಾಕುವುದು ಎಂಬ ಪ್ರಶ್ನೆಗೆ ಸಿಕ್ಕ ಒಂದು ಉತ್ತರ ನನ್ನನ್ನು ಬೆಚ್ಚಿಸಿತು. ಸ್ಪರ್ಮ್ ತಿಮಿಂಗಿಲದ ಎಣ್ಣೆ! ಹೆಸರಿಗೆ ಎಣ್ಣೆಯಾದರೂ ಅದು ನಿಜವಾಗಿ ದ್ರವರೂಪದ ಮೇಣ. ಕಾವನ್ನೂ ಒತ್ತಡವನ್ನೂ ಅದರಂತೆ ತಾಳುವ ವಸ್ತು ವಿರಳ. ಸೀಮೆಎಣ್ಣೆಯ ದೀಪ ಬಂದು ತಿಮಿಂಗಿಲಗಳನ್ನು ಉಳಿಸಿತೆಂದು ನಾನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೆ. ಅರ್ಧ ಸತ್ಯ ಅದು. ದೀಪ ಬಿಟ್ಟದ್ದನ್ನು ಯಂತ್ರ ಹಿಡಿಯಿತು. ದೀಪದ ಕಾಲದಲ್ಲಿ ಕೊಂದದ್ದಕ್ಕಿಂತ ಹೆಚ್ಚು ಸ್ಪರ್ಮ್ ತಿಮಿಂಗಿಲಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಕೊಂದರು. 1960ರ ದಶಕದಲ್ಲಿ ವರ್ಷಕ್ಕೆ 20,000ಕ್ಕೂ ಹೆಚ್ಚು. ಅವುಗಳ ಎಣ್ಣೆಗೆ ಗಂಧಕ ಸೇರಿಸಿ ಗೇರ್ ಎಣ್ಣೆಗಳಲ್ಲಿ ಬೆರೆಸುತ್ತಿದ್ದರು. 1970ರ ಕೊನೆಯಲ್ಲಿ ಅಮೆರಿಕದ ಸರ್ಕಾರ ಆ ಪ್ರಾಣಿಯನ್ನು ಅಳಿವಿನಂಚಿನವುಗಳ ಪಟ್ಟಿಗೆ ಸೇರಿಸಿ ಎಣ್ಣೆಯ ಆಮದನ್ನು ತಡೆದಾಗ ಕಂಪೆನಿಗಳು ಬದಲಿ ವಸ್ತುಗಳನ್ನು ಹುಡುಕಲೇಬೇಕಾಯಿತು, ಹುಡುಕಿದವು ಕೂಡ. ಮರುಭೂಮಿಯ ಹೊಹೋಬ ಎಂಬ ಗಿಡದ ಬೀಜದ ಮೇಣ ಗುಣದಲ್ಲಿ ಬಹುಮಟ್ಟಿಗೆ ಹತ್ತಿರವೆಂದು ಕಂಡುಬಂತು. ರಾಸಾಯನಿಕವಾಗಿ ಮಾಡಿದವು ಇನ್ನೂ ಅಗ್ಗವಾದವು. ವ್ಯಾಪಾರಿ ತಿಮಿಂಗಿಲಬೇಟೆಗೆ ಅಂತರರಾಷ್ಟ್ರೀಯ ತಡೆ ಬಿದ್ದದ್ದು 1986ರಲ್ಲಿ. ಬದಲಿ ಇಷ್ಟು ಬೇಗ ಸಿಗುವುದಿತ್ತಾದರೆ ಮೊದಲೇ ಏಕೆ ಹುಡುಕಲಿಲ್ಲ ಎಂಬ ಪ್ರಶ್ನೆಗೆ ಚರಿತ್ರೆಯ ಅಧ್ಯಾಪಕನ ಬಳಿ ಉತ್ತರವಿದೆ, ಆದರೆ ಅದು ಹೇಳಿಕೊಳ್ಳುವಂಥದಲ್ಲ: ಯಾರೂ ಬುರುಡೆಯ ಮುಚ್ಚಳ ತೆರೆದು ನೋಡಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಗಳ ಲಗ್ನಪತ್ರಿಕೆ ಕೊಡಲು ಬಂದ ತಮ್ಮ ಕಾಫಿ ಕುಡಿದು ಹಿತ್ತಲಿಗೆ ಹೋದವನು ಶೆಡ್ಡಿನ ಮುಂದೆ ನಿಂತ. “ಅಚ್ಚಿಗೆ ಎಣ್ಣೆ ಹಾಕಿಸಿದ್ದು ಯಾವಾಗ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಉಳಿದು, ಬೆಳಿಗ್ಗೆ ಪೇಟೆಯಿಂದ ತೊಂಬತ್ತರ ಗೇರ್ ಎಣ್ಣೆಯ ಡಬ್ಬಗಳನ್ನು ತಂದ. ಮೊದಲು ಜೀಪನ್ನು ಮೂರು ಕಿಲೋಮೀಟರು ಓಡಿಸಿದೆವು. ಬೆಚ್ಚಗಾದರೆ ಎಣ್ಣೆ ತೆಳುವಾಗಿ, ತಳದ ಕೆಸರೂ ಎದ್ದು ಬರುತ್ತದೆ. ಸಮನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟೆವು. ನಾನು ಬೋಗುಣಿ ಹಿಡಿದು ಮುಚ್ಚಳದ ಕೆಳಗಿನ ಬೋಲ್ಟಿಗೆ ಕೈಹಾಕಿದೆ. “ಅಣ್ಣಯ್ಯ, ಮೊದಲು ತುಂಬುವ ಬಿರಡೆ” ಎಂದ. ನಗಲಿಲ್ಲ, ಐವತ್ತು ವರ್ಷದ ಹಿಂದಿನದನ್ನು ಎತ್ತಲೂ ಇಲ್ಲ. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ, ತೂಕ ಹಾಕಿ ಮೆಲ್ಲನೆ ಜಗ್ಗಿದ. ಬಿರಡೆ ಕಿರ್ರೆಂದು ಬಿಟ್ಟಿತು. ಅವನೇ ಹನ್ನೆರಡನೆಯ ವಯಸ್ಸಿನಲ್ಲಿ ಹಾಕಿಸಿ ತಂದ ಬಿರಡೆ.

ಮುಚ್ಚಳವನ್ನು ಕೆಳಬದಿಯಿಂದ ಸಡಿಲಿಸುತ್ತ ಬಂದಾಗ ಬೋಗುಣಿಗೆ ಇಳಿದದ್ದು ಎಣ್ಣೆಯ ಬಣ್ಣದ್ದಲ್ಲ. ಹಾಲು ಹೆಚ್ಚಾದ ಕಾಫಿಯಂತಿತ್ತು. ನೀರು ಸೇರಿ ಕಡೆದದ್ದು. “ಇದು ಹಳ್ಳದ ನೀರು” ಎಂದ ತಮ್ಮ. ಅಚ್ಚಿನ ಮೇಲೆ ಉಸಿರಾಡಲೆಂದು ಒಂದು ಪುಟ್ಟ ಟೋಪಿಯಿರುತ್ತದೆ. ಅದು ಕೆಸರು ಕ�ಟ್ಟಿ ಮುಚ್ಚಿಹೋಗಿತ್ತು. ಓಡಿ ಕಾದ ಅಚ್ಚು ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರು ಎಳೆಯಲು ಬೇರೆ ದಾರಿಯಿಲ್ಲದೆ ಸರಳಿನ ಸಂದಿಯಿಂದ ನೀರನ್ನು ಹೀರುತ್ತದೆ. ನನ್ನ ಶೆಡ್ಡಿಗೆ ಬಂದ ಮೇಲೆ ಆ ಜೀಪು ಹಳ್ಳವನ್ನು ಕಂಡಿಲ್ಲ. ಹಾಗಾಗಿ ಅದು ಯಾವ ದಿನದ ನೀರೆಂಬುದು ಇಬ್ಬರಿಗೂ ಗೊತ್ತಿತ್ತು. ಒಂದು ದಶಕಕ್ಕೂ ಮೀರಿ ಅದನ್ನು ನಾನು ಹಾಗೆಯೇ ಇಟ್ಟುಕೊಂಡಿದ್ದೆ.

ಕ್ರೌನಿನ ಹಲ್ಲುಗಳಲ್ಲಿ ಅಲ್ಲಲ್ಲಿ ತುಕ್ಕಿನ ಚುಕ್ಕೆಗಳು. ಮುರಿದದ್ದು ಯಾವುದೂ ಇಲ್ಲ. ಸೀಮೆಎಣ್ಣೆ ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಉಸಿರಾಟದ ಟೋಪಿಯನ್ನು ತಂತಿ ತೂರಿಸಿ ಬಿಡಿಸಿದೆವು. ಮುಚ್ಚಳದ ನಡುವೆ ಕೂರಿಸಲು ಗ್ಯಾಸ್ಕೆಟ್ ಬೇಕು, ಪೇಟೆಯಲ್ಲಿ ಸಿಕ್ಕಿರಲಿಲ್ಲ. ತಮ್ಮ ಮನೆಯೊಳಗೆ ಹೋಗಿ ನನ್ನ ಪಾಠದ ಟಿಪ್ಪಣಿಗಳ ಹಳೆಯ ಕಡತವೊಂದರ ರಟ್ಟಿನ ಹೊದಿಕೆಯನ್ನು ಕಿತ್ತು ತಂದ. ಮುಚ್ಚಳದ ಮೇಲೆ ಅದನ್ನಿಟ್ಟು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆತ್ತಗೆ ಬಡಿದು ಕತ್ತರಿಸಿ, ಗ್ರೀಸು ಸವರಿ ಕೂರಿಸಿದ. ಮೂವತ್ತು ವರ್ಷದ ನನ್ನ ಅಧ್ಯಾಪನ ಒಂದು ಸೋರಿಕೆಯನ್ನಾದರೂ ತಡೆಯಿತು. ಹೊಸ ಎಣ್ಣೆಯನ್ನು ರಂಧ್ರದ ಅಂಚಿನಿಂದ ತುಳುಕುವವರೆಗೆ ತುಂಬಿದೆವು. ಉಳಿದದ್ದನ್ನು ಗೇರ್ ಬಾಕ್ಸಿಗೆ ಹಾಕೋಣವೇ ಎಂದೆ. ಅದರ ಗಂಧಕ ಅಲ್ಲಿನ ಹಿತ್ತಾಳೆಯನ್ನು ತಿನ್ನುತ್ತದೆ, ಬೇಡ ಎಂದ. ಮುಂದಿನ ಅಚ್ಚು ಅರ್ಧ ಗಂಟೆಯಲ್ಲಿ ಮುಗಿಯಿತು, ಅಲ್ಲಿ ನೀರಿರಲಿಲ್ಲ. ಹಳೆಯ ಎಣ್ಣೆಯನ್ನು ಡಬ್ಬಕ್ಕೆ ತುಂಬಿ ಬಿಗಿದು ಬದಿಗಿಟ್ಟೆವು.

ಕೈತೊಳೆದು ಬಂದ ಮೇಲೆ ನಾನು ಕೀಲಿಕೈಯನ್ನು ಅವನ ಮುಂದಿಟ್ಟು, ಜೀಪನ್ನು ತೋಟಕ್ಕೆ ಒಯ್ಯಬೇಕೆಂದೆ. ಅವನು ತಕ್ಷಣ ಕೈಚಾಚಲಿಲ್ಲ. ಚೀಲದಿಂದ ಅಪ್ಪಯ್ಯನ ಲೆಕ್ಕದ ಪುಸ್ತಕವನ್ನು ತೆಗೆದ. ಹಿಸೆಯಲ್ಲಿ ಯಾರೂ ಕೇಳದೆ ಅವನ ಬಳಿಯೇ ಉಳಿದದ್ದು. ಲಗ್ನಪತ್ರಿಕೆಯ ಜತೆಗೆ ಅದನ್ನೇಕೆ ತಂದಿದ್ದನೆಂದು ನಾನು ಕೇಳಲಿಲ್ಲ. 1974ರ ಪುಟವನ್ನು ನಾನೇ ಹುಡುಕಿದೆ. ನನ್ನ ಅವಾಂತರ ಅಲ್ಲಿ ದಾಖಲಾಗಿದೆಯೆಂದು ಐವತ್ತು ವರ್ಷಗಳಿಂದ ನಂಬಿದ್ದವನು ನಾನು. ಅಪ್ಪಯ್ಯನ ಬಾಗಿದ ಅಕ್ಷರಗಳಲ್ಲಿ ಇದ್ದದ್ದು ಇಷ್ಟೆ: ‘ಹಿಂದಿನ ಅಚ್ಚು. ಎಣ್ಣೆ ದೊಡ್ಡವನು ಬದಲಿಸಿದನು. ಬಿರಡೆ ಚಿಕ್ಕವನು ತಂದನು.’

ತಮ್ಮ ಪುಸ್ತಕ ತೆಗೆದುಕೊಂಡು ಕೊನೆಯ ಬರಹದ ಕೆಳಗೆ ಆ ದಿನದ ತಾರೀಖು ಬರೆದ. ಮಾಡಿದವರ ಕಲಮಿನಲ್ಲಿ ನನ್ನ ಹೆಸರನ್ನೂ ತನ್ನದನ್ನೂ ಬರೆದ. ಮೀಟರು ಎಷ್ಟು ತೋರಿಸುತ್ತದೆಂದು ಕೇಳಿದ. ಅದು ನಿಂತು ಎಷ್ಟೋ ಕಾಲವಾಗಿದೆ ಎಂದೆ. ಆ ಕಲಮನ್ನು ಖಾಲಿ ಬಿಟ್ಟು, ಪುಸ್ತಕವನ್ನು ಜೀಪಿನ ಮುಂದಿನ ಪೆಟ್ಟಿಗೆಯಲ್ಲಿಟ್ಟ.